ಪಂಚೆಗೆ ಬಾಗಿಲು ತೆರೆಯಿರಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಹೊಸದುರ್ಗದ ಸುತ್ತಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳೂ ಒಮ್ಮೊಮ್ಮೆ ಸುಮ್ಮನೆ ನಿಂತುಬಿಡುವ ಹೊತ್ತು. ಸಂತೆಗೆ ಬಂದ ರೈತ ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ನಿರಾಳವಾಗಿ ನಡೆದು ಹೋಗುತ್ತಾನೆ. ಬಿಗಿ ಪ್ಯಾಂಟು, ಬೆಲ್ಟು, ಬೂಟು, ಕಾಲುಚೀಲ ತೊಟ್ಟು ಬೆವರೊರೆಸಿಕೊಳ್ಳುತ್ತಾ ನಾನು ಅವನನ್ನೇ ನೋಡುತ್ತೇನೆ. ಶಾಖದ ಪಾಠ ಹೇಳುವವನು ನಾನು, ಅದನ್ನು ಕಲಿತವನು ಅವನು!

ಬೆವರು ಇಳಿದುಹೋದರೆ ಮೈ ತಣ್ಣಗಾಗುವುದಿಲ್ಲ, ಅದು ಆವಿಯಾಗಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಅದಕ್ಕೆ ಬೇಕಾದದ್ದು ಗಾಳಿಯಾಟ. ಪಂಚೆಯ ಒಳಗೆ ಬಿಸಿಯಾದ ಗಾಳಿಗೆ ಹೊರಹೋಗಲು ದಾರಿಯಿದೆ, ಹೆಜ್ಜೆ ಹಾಕಿದಂತೆಲ್ಲ ಬಟ್ಟೆಯೇ ತಿದಿಯಾಗುತ್ತದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಹತ್ತಿಯಂತೂ ತನ್ನ ಒಣತೂಕದ ಶೇಕಡಾ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಳ್ಳಬಲ್ಲದು. ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧದಷ್ಟೂ ಇಲ್ಲ.

ಜಪಾನಿನಲ್ಲಿ ಪಂಚೆಯ ನೆಂಟನೊಬ್ಬನಿದ್ದಾನೆ. ಹೆಸರು ಯುಕಾತ. ಸ್ನಾನಕ್ಕೆಂದು ಹುಟ್ಟಿದ, ಒಂದೇ ಪದರದ, ಹತ್ತಿಯ ಸಡಿಲ ಬೇಸಿಗೆ ಉಡುಪು. ಇಂದು ಅಲ್ಲಿನ ಯುವಕ ಯುವತಿಯರು ಬೇಸಿಗೆಯ ಬಾಣಬಿರುಸಿನ ಹಬ್ಬಗಳಿಗೆ ಅದನ್ನು ತೊಟ್ಟು ನಲಿಯುತ್ತಾರೆ. ಮರುದಿನ ಕಚೇರಿಗೆ ಮತ್ತೆ ಪ್ಯಾಂಟು, ಕೋಟು. 2005ರಲ್ಲಿ ಅಲ್ಲಿನ ಪರಿಸರ ಇಲಾಖೆ ‘ಕೂಲ್ ಬಿಜ್’ ಎಂಬ ಅಭಿಯಾನ ಹೂಡಿತು. ಬೇಸಿಗೆಯಲ್ಲಿ ಏಸಿಯನ್ನು 28 ಡಿಗ್ರಿಗೆ ಇಡಿ, ಕೋಟು, ಟೈ ಬಿಚ್ಚಿಡಿ ಎಂದಿತು. ಟೈ ಏನೋ ಇಳಿಯಿತು, ಆದರೆ ಯುಕಾತ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ನಮ್ಮ ಕಥೆಯೂ ಬೇರೆಯಲ್ಲ. ಕಾಲೇಜುಗಳ ‘ಎಥ್ನಿಕ್ ಡೇ’ ದಿನ ಹುಡುಗರು ಪಂಚೆ ಉಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಉಡಲು ಬಾರದವರಿಗೆ ಅಂಟುಪಟ್ಟಿ ಹಚ್ಚಿದ, ಜೇಬಿರುವ ಸಿದ್ಧ ಪಂಚೆಯೂ ಅಂಗಡಿಗೆ ಬಂದಿದೆ. ಸಂತೋಷವೇ. ಕೊಳ್ಳುವಾಗ ನೂಲು ಯಾವುದೆಂದು ಒಮ್ಮೆ ಕೇಳಿ, ಅಷ್ಟೇ. ಮಿರಮಿರ ಮಿಂಚುವ ಪಾಲಿಯೆಸ್ಟರಾದರೆ ಪಂಚೆಯ ಆಕಾರ ಸಿಕ್ಕೀತು, ತಂಪು ಸಿಗದು.

ಅದೇ ಪಂಚೆಯನ್ನು ರೈತ ಉಟ್ಟಾಗ? 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜತೆ ಸಿನಿಮಾ ನೋಡಲು ಬೆಂಗಳೂರಿನ ಮಾಲ್ ಒಂದಕ್ಕೆ ಹೋದರು. ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಸುದ್ದಿ ವಿಧಾನಸಭೆಯನ್ನೂ ಮುಟ್ಟಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಕಾವಲುಗಾರನನ್ನು ಊರೆಲ್ಲ ಬೈಯಿತು.

ನನಗೆ ಬೈಯಲು ಬಾಯಿ ಬರಲಿಲ್ಲ. ಬಿ.ಎಡ್. ಓದುತ್ತಿದ್ದಾಗ ಅಪ್ಪ ಒಮ್ಮೆ ಹಾಸ್ಟೆಲಿಗೆ ಬಂದಿದ್ದರು. ಮಾಸಿದ ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲಿ ತಿಂಡಿಯ ಗಂಟು. ‘ಯಾರೋ ಇವರು?’ ಎಂದು ಗೆಳೆಯರು ಕೇಳಿದಾಗ ನನ್ನ ಬಾಯಿಂದ ಬಂದದ್ದು, ‘ನಮ್ಮೂರಿನವರು.’ ಅಪ್ಪ ನನ್ನ ಮುಖವನ್ನೊಮ್ಮೆ ನೋಡಿದರು. ‘ಹೌದಪ್ಪಾ, ಇವರ ಊರಿನೋನೇ ನಾನು’ ಎಂದು ನಕ್ಕು, ಗಂಟು ಬಿಚ್ಚಿ ಎಲ್ಲರಿಗೂ ತಿಂಡಿ ಹಂಚಿದರು. ಅಪ್ಪ ಈಗಿಲ್ಲ. ಮಾಲಿನ ಸುದ್ದಿ ಓದಿದ ದಿನ, ಆ ಕಾವಲುಗಾರ ನನ್ನೊಳಗೂ ಮೂವತ್ತು ವರ್ಷದಿಂದ ನಿಂತಿದ್ದಾನೆ ಎನಿಸಿತು.

ಹಬ್ಬದ ದಿನ ಪಂಚೆಗೆ ಸಿಗುವ ಗೌರವ ದೊಡ್ಡದೇನಲ್ಲ. ಕೆಲಸದ ದಿನ, ಕೆಲಸದ ಜಾಗದಲ್ಲಿ ಅದನ್ನು ಯಾರೂ ತಿರುಗಿ ನೋಡದೇ ಹೋದರೆ, ಅದೇ ನಿಜವಾದ ಮರ್ಯಾದೆ. ಹಾಗಾಗಿ ಈ ಬೇಸಿಗೆಯಲ್ಲಿ ಒಂದು ದಿನ ಶಾಲೆಗೆ ಪಂಚೆ ಉಟ್ಟೇ ಹೋಗಬೇಕೆಂದಿದ್ದೇನೆ. ರಾಜ್ಯೋತ್ಸವವಲ್ಲ, ವಾರ್ಷಿಕೋತ್ಸವವೂ ಅಲ್ಲ, ಸುಮ್ಮನೆ ಒಂದು ಮಂಗಳವಾರ. ಮಕ್ಕಳು ಮುಸಿಮುಸಿ ನಗಬಹುದು. ನಗಲಿ ಬಿಡಿ, ಆವಿಯಾಗುವಿಕೆಯ ಪಾಠಕ್ಕೆ ಖರ್ಚಿಲ್ಲದೆ ಒಂದು ಉಪಕರಣ ಸಿಕ್ಕಂತಾಯಿತು!