ಬಿ ಫಾರಂ ಬಂದ ಮೇಲೆ ನಮ್ಮ ಸರದಿ

ಮಂಗಸೂಳಿಯ ಖಂಡೋಬಾನ ದರ್ಶನ ಮಾಡಿ ಬಂದವರ ಹಣೆ, ಅಂಗೈಗೆ ಹತ್ತಿದ ಅರಿಶಿನದ ಭಂಡಾರ ತೊಳೆದರೆ ಹೋಗುತ್ತದೆ. ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ ವಾರಗಟ್ಟಲೆ ಹೋಗದು. ಆದರೆ ನಮ್ಮ ಕಡೆ ಶಾಸಕರ ಪಕ್ಷದ ಬಣ್ಣ ಭಂಡಾರದಷ್ಟೇ ಸಲೀಸಾಗಿ ತೊಳೆದುಹೋಗುತ್ತದೆ.

ಕಾಗವಾಡ ವಿಧಾನಸಭಾ ಕ್ಷೇತ್ರದ ಲೆಕ್ಕ ನೋಡಿ. 2018ರಲ್ಲಿ ಕಾಂಗ್ರೆಸ್‌ನಿಂದ ಶ್ರೀಮಂತ ಪಾಟೀಲ, ಬಿಜೆಪಿಯಿಂದ ರಾಜು ಕಾಗೆ, ಪಾಟೀಲರು ಗೆದ್ದರು. 2019ರ ಡಿಸೆಂಬರ್ 5ರ ಉಪಚುನಾವಣೆಗೆ ಪಾಟೀಲರು ಬಿಜೆಪಿ, ಕಾಗೆಯವರು ಕಾಂಗ್ರೆಸ್! ಮತ್ತೆ ಪಾಟೀಲರೇ ಗೆದ್ದರು. 2023ರಲ್ಲಿ ಕಾಗೆಯವರ ಪಾಳಿ. ಪಕ್ಕದ ಅಥಣಿಯಲ್ಲೂ ಇದೇ ಆಟ: 2018ರಲ್ಲಿ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು, 2023ರಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಸವದಿ ಕಾಂಗ್ರೆಸ್‌ನಿಂದ ನಿಂತು ಬಿಜೆಪಿಯ ಕುಮಠಳ್ಳಿಯವರನ್ನು ಸೋಲಿಸಿದರು.

ಈ ಅದಲುಬದಲಿಗೆ ಪಕ್ಷದ ಬಾವುಟ ಹೊತ್ತು ತಿರುಗಿದವರ ಒಪ್ಪಿಗೆ ಕೇಳಿದವರು ಯಾರು? ಚುನಾವಣೆ ಬಂತೆಂದರೆ ಚಹಾದಂಗಡಿಯಲ್ಲಿ ಒಂದೇ ಮಾತು: "ಟಿಕೆಟ್ ಯಾರಿಗ್ ಆತ್ರೀ?" ಉತ್ತರ ದಿಲ್ಲಿಯಿಂದ ಬರಬೇಕು. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಪಕ್ಷ ಕೊಡುವ ಬಿ ಫಾರಂ ಯಾರ ಕೈಯಲ್ಲಿದೆಯೋ ಅವರೇ ಪಕ್ಷದ ಅಭ್ಯರ್ಥಿ.

ಅಮೆರಿಕದಲ್ಲಿ ಈ ಟಿಕೆಟ್ಟಿಗೇ ಮೊದಲೊಂದು ಮತದಾನ ನಡೆಯುತ್ತದೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗಷ್ಟೇ ಮತ, ಕೆಲವೆಡೆ ಯಾವ ಮತದಾರನಾದರೂ ಹಾಕಬಹುದು. ನಮ್ಮಲ್ಲೂ 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಇದನ್ನು ಮಾಡಿ ನೋಡಿತ್ತು. ರಾಜ್ಯದಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಹೀಗೆ ಆರಿಸಿ ಬಂದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳೇ ಮೊದಲಾದವರು, ಸಾಮಾನ್ಯ ಮತದಾರರಲ್ಲ. ಇಬ್ಬರೂ ಮುಂದೆ ಸೋತರು, ಪ್ರಯೋಗವೂ ಮೂಲೆ ಸೇರಿತು. ಸೋತದ್ದಕ್ಕೆ ಪದ್ಧತಿಯನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ದಿಲ್ಲಿಯವರು ಆರಿಸಿದವರೂ ಆ ಸಲ ಬೇಕಾದಷ್ಟು ಮಂದಿ ಸೋತಿದ್ದರು.

ಮತ ಹಾಕುವ ದಾರಿಗಳೇನೋ ಸುಧಾರಿಸಿವೆ. ಮತಯಂತ್ರದ ಗುಂಡಿ ಒತ್ತಿದರೆ ಯಾರಿಗೆ ಮತ ಬಿತ್ತೆಂಬ ಚೀಟಿ 7 ಸೆಕೆಂಡ್ ಕಾಣುತ್ತದೆ. 2023ರಲ್ಲಿ 80 ದಾಟಿದ ಅಜ್ಜಿಯರು 12ಡಿ ಅರ್ಜಿ ಕೊಟ್ಟು ಮನೆಯಲ್ಲೇ ಮತ ಹಾಕಿದರು. ಹೆಸರು ಆರಿಸುವ ದಾರಿ ಮಾತ್ರ ಅಲ್ಲೇ ನಿಂತಿದೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲದೆ ಕಾಗದದ ಮತಪತ್ರಕ್ಕೆ ಮುದ್ರೆ ಒತ್ತುವವರಿಗೆ, ಟಿಕೆಟ್ಟಿಗೂ ಒಂದು ಮುದ್ರೆ ಒತ್ತುವುದು ಕಷ್ಟವೇ?

ಮುಂದಿನ ಸಲ ಯಾವ ಪಕ್ಷದವರಾದರೂ ಸದಸ್ಯತ್ವ ಮಾಡಿಸಲು ನಿಮ್ಮ ಓಣಿಗೆ ಬಂದರೆ ಒಂದು ಮಾತು ಕೇಳಿಬಿಡಿ: "ಸದಸ್ಯ ಆದ್ರ ಟಿಕೆಟ್ ಯಾರಿಗಂತ ಹೇಳೋ ಹಕ್ಕು ಸಿಗತೈತೇನ್ರೀ?"