ನಂಬರ್ ಒನ್ ಜಿಲ್ಲೆ ಮತ್ತು ಲೆಕ್ಕದ ಮೇಷ್ಟ್ರಿಲ್ಲದ ಶಾಲೆ

ಮೊನ್ನೆ ಮೊಳಕಾಲ್ಮೂರಿಗೆ ಹೋಗಿದ್ದೆ. ಚಳ್ಳಕೆರೆ ಬಿಟ್ಟು ತಳಕು, ಬಿ.ಜಿ. ಕೆರೆ ದಾಟಿ ಹಾನಗಲ್ ಹತ್ತಿರ ತಿರುಗಿದರೆ ಮೊಳಕಾಲ್ಮೂರು. (ಹಾವೇರಿಯ ಹಾನಗಲ್ ಅಲ್ಲ ಮಾರಾಯ್ರೇ, ಇದು ನಮ್ಮ ಹಾನಗಲ್!) ದೊಡ್ಡಪ್ಪನ ಮಗನ ಮನೆ. ಎಲ್ಲರ ಹಾಗೆ ಅವರದ್ದೂ ಮಗ್ಗದ ಮನೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಒಳಗಿಂದ ಲಾಳಿಯ ಸದ್ದು. ಅಣ್ಣ ನೇಯ್ತಿದ್ದಾನೆ ಅಂದುಕೊಂಡು ಒಳಗೆ ಹೋದರೆ ಮಗ್ಗದಲ್ಲಿ ಕೂತಿದ್ದವಳು ಅವನ ಮಗಳು.

ಈ ಹುಡುಗಿ ಎಸ್ಸೆಸ್ಸೆಲ್ಸಿ ಬರೆದಿದ್ದು 2024ರಲ್ಲಿ. ಐದು ವಿಷಯ ಪಾಸು, ಗಣಿತ ಇಲ್ಲ. ಪರೀಕ್ಷೆ-2, ಪರೀಕ್ಷೆ-3 ಅಂತ ಮತ್ತೆರಡು ಅವಕಾಶ ಅದೇ ವರ್ಷ ಇತ್ತು, ಬರೆಯಲಿಲ್ಲ. ಯಾಕೆ ಅಂತ ಕೇಳಿದೆ. "ಬರೆದು ಏನ್ ಮಾಡ್ಲಿ ಚಿಕ್ಕಪ್ಪ? ಹೇಳಿಕೊಟ್ಟಿದ್ರೆ ತಾನೆ ಬರೆಯೋದು" ಅಂದಳು. ಒಂಬತ್ತನೇ ಕ್ಲಾಸಿನಲ್ಲಿ ಅವರ ಶಾಲೆಗೆ ಲೆಕ್ಕದ ಮೇಷ್ಟ್ರೇ ಇರಲಿಲ್ಲವಂತೆ. ಹತ್ತಕ್ಕೆ ಬಂದಾಗ ಒಬ್ಬರು ಅತಿಥಿ ಶಿಕ್ಷಕರು ಬಂದರು, ಅದೂ ಆಗಸ್ಟಿಗೆ. ಡಿಸೆಂಬರಿಗೆ ಬೇರೆ ಕೆಲಸ ಸಿಕ್ಕಿತು, ಹೋದರು. ಅವರನ್ನು ಬೈಯೋಕಾಗಲ್ಲ. ತಿಂಗಳಿಗೆ ಕೊಡುವ ಗೌರವಧನ ಅಷ್ಟಕ್ಕಷ್ಟೆ, ಅದೂ ಬರೋದು ಯಾವಾಗಲೋ.

ಈಗ ಒಂದು ವರ್ಷ ಹಿಂದಕ್ಕೆ ಹೋಗೋಣ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಚಿತ್ರದುರ್ಗ ಇಡೀ ರಾಜ್ಯಕ್ಕೇ ಮೊದಲು, ಶೇ. 96.80. ಉಡುಪಿ, ಮಂಗಳೂರುಗಳನ್ನೆಲ್ಲ ಹಿಂದೆ ಹಾಕಿ! ಬರ, ಗುಳೆ, ಫ್ಲೋರೈಡ್ ನೀರು ಅಂತಲೇ ಸುದ್ದಿಯಾಗೋ ನಮಗೆ ಅವತ್ತು ಎಷ್ಟು ಖುಷಿ ಆಗಿತ್ತು ಗೊತ್ತಾ? ನಾನೂ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ವೆಬ್‌ಕಾಸ್ಟಿಂಗ್. ಫಲಿತಾಂಶ ಬಂದಾಗ ನಮ್ಮ ಜಿಲ್ಲೆ ಮೊದಲ ಸ್ಥಾನದಿಂದ ಇಪ್ಪತ್ತರ ಆಚೆಗೆ ಜಾರಿತ್ತು. ಶೇ. 72 ಚಿಲ್ಲರೆ. ಇಡೀ ರಾಜ್ಯವೇ ಶೇ. 83.89ರಿಂದ 73.40ಕ್ಕೆ ಇಳಿಯಿತು. ಆ 73.40 ಕೂಡ ಗಟ್ಟಿ ಲೆಕ್ಕ ಅಲ್ಲ. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ ಬಂದದ್ದು. 2025ರಲ್ಲಿ ಆ ಕೃಪಾಂಕ ತೆಗೆದರು, ರಾಜ್ಯ ಶೇ. 62.34ಕ್ಕೆ ಬಂದು ನಿಂತಿತು. ಆಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ ಪಾಸಾಗುವ ಗೆರೆಯನ್ನೇ 35ರಿಂದ 33ಕ್ಕೆ ಇಳಿಸೋದಾಗಿ ಪ್ರಕಟಿಸಿದರು.

ಹಾಗಾದ್ರೆ ನಮ್ಮ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರಾ? "ಕಾಪಿ ಹೊಡೀತಿದ್ರು ಬಿಡ್ರಿ" ಅಂತ ಒಂದೇ ಮಾತಲ್ಲಿ ಮುಗಿಸೋರು ಬೇಕಾದಷ್ಟು ಜನ ಇದ್ದಾರೆ. ನನಗೆ ಹಾಗೆ ಹೇಳೋಕೆ ಮನಸ್ಸು ಬರಲ್ಲ. ರಾತ್ರಿ ಓದಿನ ತರಗತಿ ನಡೆಸಿದ, ಬೆಳಗಿನ ಜಾವ ಪೋಷಕರಿಗೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸಿದ ಮೇಷ್ಟ್ರುಗಳನ್ನು ನಾನೇ ಕಂಡಿದ್ದೇನೆ. ಆದರೆ ಇಪ್ಪತ್ತನಾಲ್ಕು ಅಂಕಿಯ ಆ ಬೀಳು ಏನೂ ಅಲ್ಲ ಅನ್ನೋಕೂ ಆಗಲ್ಲ ಅಲ್ವಾ? ನಾವು ಖುಷಿಪಟ್ಟ ಸಂಖ್ಯೆಯಲ್ಲಿ ಎಷ್ಟು ಕಾಳು ಎಷ್ಟು ಜೊಳ್ಳು ಅಂತ ಯಾರೂ ಕೂತು ನೋಡಲಿಲ್ಲ. ಗೆದ್ದ ವರ್ಷ ಸನ್ಮಾನ, ಸೋತ ವರ್ಷ ನೋಟಿಸು, ಅಷ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಾವೆಲ್ಲ "ಬೋರ್ಡು, ಬೋರ್ಡು" ಅಂತೀವಲ್ಲ, ಆ ಬೋರ್ಡು ಶಾಲೆ ನಡೆಸಲ್ಲ. 1966ರಲ್ಲಿ ಶುರುವಾದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ, 2022ರಲ್ಲಿ ಪಿಯು ಪರೀಕ್ಷೆಗಳನ್ನೂ ಸೇರಿಸಿಕೊಂಡು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಿತು. ಮಲ್ಲೇಶ್ವರದಲ್ಲಿ ಕೂತು ಪರೀಕ್ಷೆ ಮಾಡೋದು ಅದರ ಕೆಲಸ. ಮೇಷ್ಟ್ರನ್ನು ಕಳಿಸೋದು, ಕೊಠಡಿ ಕಟ್ಟಿಸೋದು ಇಲಾಖೆಯ ಕೆಲಸ. ಆಯುಕ್ತರು, ಡಿಡಿಪಿಐ, ಬಿಇಒ, ಹೆಡ್ಮಾಸ್ಟರು.. ಹೀಗೆ ಸಾಲು. ಕಾಗದದ ಮೇಲೆ ಎರಡೂ ಬೇರೆ. ಆದರೆ ನಿಜದಲ್ಲಿ ಶಾಲೆಗಳನ್ನು ಆಳೋದು ಆ ಬೋರ್ಡಿನ ಶೇಕಡಾವಾರು. ಜಿಲ್ಲೆ ಎಷ್ಟನೇ ಸ್ಥಾನ ಅನ್ನೋ ಪಟ್ಟಿ ಬಂದ ದಿನದಿಂದ ಮೇಲಿನವರು ಕೆಳಗಿನವರನ್ನು ಕೇಳೋದು ಅದೊಂದನ್ನೇ. ಕೊನೆಗೆ ಅದು ಬಂದು ಬೀಳೋದು ತರಗತಿಯ ಮೇಲೆ. "ಪಾಸಿಂಗ್ ಪ್ಯಾಕೇಜ್" ಅಂತ ಒಂದು ಕಂತೆ ಇರುತ್ತೆ ನೋಡಿದ್ದೀರಾ? ಪಾಠ ಅರ್ಥ ಆಗೋದು ಬೇಡ, ಇಷ್ಟು ಕಲಿತರೆ ಪಾಸು ಅಂತ. ಹೆಡ್ಮಾಸ್ಟರ್ ಆಗಿರೋ ನನ್ನ ಗೆಳೆಯನ ಮಾತು: "ಜನವರಿಯಿಂದ ನಾನು ಮೇಷ್ಟ್ರಲ್ಲ ಕಣಪ್ಪ, ಶೇಕಡಾ ಗುಮಾಸ್ತ."

ಮೊಳಕಾಲ್ಮೂರಿನ ಪಕ್ಕದಲ್ಲೇ ಬ್ರಹ್ಮಗಿರಿ ಇದೆ. ಅಶೋಕನ ಶಾಸನ ಇರೋ ಬಂಡೆ. 1892ರಲ್ಲಿ ರೈಸ್ ಸಾಹೇಬರು ಪತ್ತೆ ಮಾಡಿದ್ದು. ಅದರಲ್ಲೂ ಇರೋದು ಒಂಥರಾ ಸುತ್ತೋಲೆನೇ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ. ತಂದೆ ತಾಯಿ ಮಾತು ಕೇಳಿ, ಶಿಷ್ಯರು ಗುರುಗಳನ್ನು ಗೌರವಿಸಿ ಅಂತೆಲ್ಲ ಇದೆ. ಸುತ್ತೋಲೆ ಬರೋದು ನಮ್ಮ ಸೀಮೆಗೆ ಎರಡು ಸಾವಿರ ವರ್ಷಕ್ಕೂ ಹಳೇ ಅಭ್ಯಾಸ :) ಗೌರವಿಸೋಕೆ ಗುರುಗಳನ್ನು ಕಳಿಸಿ ಅಂತ ಮಾತ್ರ ನಾವು ಈಗಲೂ ಕೇಳ್ತಾ ಇದ್ದೀವಿ.

ಕ್ಯಾಮೆರಾ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು, ಇರಲಿ. ಆದರೆ ಅದು ನೋಡೋದು ಪರೀಕ್ಷೆಯ ಆ ಆರು ದಿನ ಮಾತ್ರ. ಶೇಂಗಾ ಕೀಳೋ ಕಾಲಕ್ಕೆ ಹಾಜರಿ ಅರ್ಧಕ್ಕೆ ಇಳಿಯೋದು ಅದಕ್ಕೆ ಕಾಣಲ್ಲ. ಗಡಿಯ ಹಳ್ಳಿಗಳಲ್ಲಿ ಮನೇಲಿ ತೆಲುಗು ಮಾತಾಡೋ ಮಗು 125 ಅಂಕದ ಪ್ರಥಮ ಭಾಷೆ ಕನ್ನಡದ ಮುಂದೆ ಪೆನ್ನು ಕಚ್ಚುತ್ತಾ ಕೂರೋದೂ ಕಾಣಲ್ಲ. 371ಜೆ ಬಳ್ಳಾರಿಗೆ ಬಂತು, ಪಕ್ಕದ ಮೊಳಕಾಲ್ಮೂರಿಗೆ ಇಲ್ಲ. ನಮ್ಮನ್ನೂ ಸೇರಿಸಿ ಅನ್ನೋ ಕೂಗು ಕೂಗಾಗೇ ಉಳಿದಿದೆ. ಇನ್ನು ಚಳ್ಳಕೆರೆಯ ಕಾವಲಿನಲ್ಲಿ ಇಸ್ರೋದವರು ರೆಕ್ಕೆಯ ರಾಕೆಟ್ಟನ್ನು ಮೂರು ಸಲ ಇಳಿಸಿ ಪರೀಕ್ಷೆ ಮಾಡಿದರು, 2023ರಲ್ಲಿ ಒಂದು, 2024ರಲ್ಲಿ ಎರಡು. ಅದೇ ತಾಲೂಕಿನ ಮಕ್ಕಳಿಗೆ ವಿಜ್ಞಾನ ನಗರ ಅಂದ್ರೆ ಉದ್ದನೆ ಕಾಂಪೌಂಡು ಗೋಡೆ.

ಆ ನಡುವೆ 5, 8, 9ನೇ ತರಗತಿಗೂ ಬೋರ್ಡ್ ಪರೀಕ್ಷೆ ಮಾಡೋಕೆ ಹೊರಟರು. ಒಂದು ಪೀಠ ರದ್ದು ಮಾಡಿತು, ಇನ್ನೊಂದು ಪೀಠ ನಡೆಸಿ ಅಂದಿತು, ಕೊನೆಗೆ 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶ ಹೊರಡಿಸಬೇಡಿ ಅಂತ ತಡೆಯಿತು. ಎಂಟನೇ ಕ್ಲಾಸು ಮುಗಿಯೋ ತನಕ ಮಗು ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸಾಗಬೇಕಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ನೇ ಹೇಳುತ್ತೆ. ಹತ್ತನೇ ಕ್ಲಾಸಿನ ಶೇಕಡಾ ಜ್ವರವನ್ನ ಐದನೇ ಕ್ಲಾಸಿಗೂ ಹಚ್ಚೋದು ಯಾವ ವೈದ್ಯವೋ!

ನಾನು ಕೇಳೋದು ಒಂದೇ. ಪ್ರತಿ ಶಾಲೆಯ ಫಲಿತಾಂಶ ಪ್ರಕಟಿಸುವಾಗ ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಲಿ. ಆ ವರ್ಷ ಯಾವ ವಿಷಯಕ್ಕೆ ಎಷ್ಟು ತಿಂಗಳು ಮೇಷ್ಟ್ರಿದ್ದರು, ಅಷ್ಟೆ. ಹುದ್ದೆ ಖಾಲಿ ಇರೋ ಲೆಕ್ಕ ಇಲಾಖೆಯ ಬಳಿ ಇರುತ್ತೆ, ಅಂಕದ ಲೆಕ್ಕ ಮಂಡಳಿಯ ಬಳಿ ಇರುತ್ತೆ. ಎರಡನ್ನೂ ಒಂದು ಹಾಳೆಗೆ ತರೋದು ದೊಡ್ಡ ಕೆಲಸವೇನಲ್ಲ. ಆಗ ಫೇಲಾಗಿದ್ದು ಮಗುವೋ ಶಾಲೆಯೋ ಇಲಾಖೆಯೋ ಅಂತ ಓದೋರೇ ಹೇಳ್ತಾರೆ. 2020ರ ವರ್ಗಾವಣೆ ಕಾಯ್ದೆಯಲ್ಲಿ ಎ, ಬಿ, ಸಿ ವಲಯ ಅಂತ ಮಾಡಿದ್ದಾರೆ. ಸಿ ವಲಯದ ಶಾಲೆಯ ಖಾಲಿ ಕುರ್ಚಿ ಎಲ್ಲರ ಕಣ್ಣಿಗೂ ಬಿದ್ದರೆ ಆ ಕಾಯ್ದೆಗೂ ಸ್ವಲ್ಪ ಜೀವ ಬರಬಹುದು. ಇದರಿಂದ ಮೇಷ್ಟ್ರು ಬಂದೇ ಬಿಡ್ತಾರೆ ಅನ್ನೋ ಭ್ರಮೆ ನನಗಿಲ್ಲ. ಆದರೆ ನೋಟಿಸು ಕೊಡೋರು ಯಾರು, ಯಾರಿಗೆ ಅನ್ನೋದಾದರೂ ತಿರುಗುತ್ತೆ.

ಹೊರಡೋ ಮುಂಚೆ ಹುಡುಗಿ ನೇಯ್ತಿದ್ದ ಸೀರೆ ನೋಡಿದೆ. ಬುಟ್ಟಾದಿಂದ ಬುಟ್ಟಾಕ್ಕೆ ಎಷ್ಟು ಎಳೆ, ಸೆರಗಿಗೆ ಇನ್ನೆಷ್ಟು ಉಳೀತು ಅಂತ ಬಾಯಲ್ಲೇ ಲೆಕ್ಕ ಹೇಳಿದಳು, ನನಗೆ ಕಾಗದ ಬೇಕಾಯ್ತು. "ಇದು ಸಮಾಂತರ ಶ್ರೇಢಿ ಕಣೇ, ನಿಮ್ಮ ಪುಸ್ತಕದ್ದೇ ಪಾಠ" ಅಂದೆ. ನಂಬಲಿಲ್ಲ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿಸ್ತೀನಿ ಅಂತ ಅಣ್ಣನಿಗೆ ಹೇಳಿ ಬಂದಿದ್ದೇನೆ. ಭಾನುವಾರ ಸಂಜೆ ಫೋನಿನಲ್ಲಿ ಲೆಕ್ಕ ಹೇಳಿಕೊಡೋದು ನನ್ನ ಪಾಲು. ಮೊದಲ ಭಾನುವಾರ ಕರೆಂಟಿಲ್ಲ ಅಂತ ತಪ್ಪಿಸಿಕೊಂಡಳು. ಈ ಭಾನುವಾರ ಬಿಡಲ್ಲ.