ಎರಡು ಲಕ್ಷದ ಕಾರ್ಡು, ಹೆಸರಿಲ್ಲದ ಎಸ್‌ಎಂಪಿಎಸ್

ಕಡಬದಿಂದ ಹತ್ತನೇ ತರಗತಿಯ ಹುಡುಗನೊಬ್ಬ ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳ ಪಟ್ಟಿ ಮಾಡಿ ಕಳುಹಿಸಿದ್ದಾನೆ. ಪಟ್ಟಿಯ ಅಡಿಯಲ್ಲಿ ಅವನ ಅಜ್ಜನ ಕೈಬರಹ: “ಅಡಿಕೆ ಮಾರಿದ ಹಣ. ಇದರಲ್ಲಿ ಬೇಕಾದ್ದು ಯಾವುದು, ಬೇಡದ್ದು ಯಾವುದು ಹೇಳಿ.” ಪುತ್ತೂರು, ಸುಳ್ಯದ ಅಜ್ಜಂದಿರಿಗೂ ಇದೇ ಪ್ರಶ್ನೆ ಇರಬಹುದು. ಹಾಗಾಗಿ ಉತ್ತರ ಇಲ್ಲೇ ಬರೆಯುತ್ತಿದ್ದೇನೆ.

ಪಟ್ಟಿಯ ತಲೆಯಲ್ಲಿ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡು ಉಂಟು. ಪರದೆಯ ಮೇಲೆ ಓಡುವ ಚಿತ್ರಗಳನ್ನು ಬಿಡಿಸುವುದು ಅದರ ಕೆಲಸ. ಅದರ ಚಿಪ್ಪಿನಲ್ಲಿ ಸುಮಾರು 9,200 ಕೋಟಿ ಟ್ರಾನ್ಸಿಸ್ಟರುಗಳಿವೆ, ಬೆಲೆ ಎರಡು ಲಕ್ಷ ರೂಪಾಯಿಗೂ ಮೇಲೆ. ಪಟ್ಟಿಯ ಬಾಲದಲ್ಲಿ “ಮಾನಿಟರ್ ಮನೆಯಲ್ಲಿರುವ 60 ಹರ್ಟ್ಸಿನದೇ ಸಾಕು” ಎಂದಿದ್ದಾನೆ. ಅಲ್ಲ ಮಾರಾಯ, ಅದು ತೋರಿಸುವುದೇ ಸೆಕೆಂಡಿಗೆ 60 ಚಿತ್ರ. ಕಾರ್ಡು 200 ಬಿಡಿಸಿ ಕೊಟ್ಟರೂ 140 ಲೆಕ್ಕಕ್ಕಿಲ್ಲ. ಐದು ಎಚ್‌ಪಿ ಪಂಪಿಗೆ ಅರ್ಧ ಇಂಚಿನ ಪೈಪು ಹಾಕಿದ ಹಾಗಾಯಿತು. ಮೊದಲು ಪರದೆ ಯಾವುದೆಂದು ನಿಶ್ಚಯಿಸು. ಫುಲ್ ಎಚ್‌ಡಿ ಪರದೆಗೆ 5060 ಧಾರಾಳ ಸಾಕು. 1440 ಗೆರೆಯ ಪರದೆಗೆ 5070 ಒಳ್ಳೆಯ ಜೋಡಿ. 5090ಕ್ಕೆ ತಕ್ಕ ಕೆಲಸ ಸಿಗುವುದು 4ಕೆ ಪರದೆಯಲ್ಲಿ.

ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಎಸ್‌ಎಂಪಿಎಸ್. ಮನೆಗೆ ಬರುವ 230 ವೋಲ್ಟ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ ಅದು. 5090 ಒಂದೇ 575 ವಾಟ್ ಎಳೆಯುತ್ತದೆ. ಅಜ್ಜನವರೇ, ಚಾವಡಿಯ ಫ್ಯಾನು 75 ವಾಟಿನದಾದರೆ ಏಳೆಂಟು ಫ್ಯಾನು ಒಟ್ಟಿಗೆ ತಿರುಗಿದಷ್ಟಾಯಿತು. ಆ ಕಾರ್ಡಿಗೆ 1,000 ವಾಟಿನ ಎಸ್‌ಎಂಪಿಎಸ್ ಬೇಕೆಂದು ತಯಾರಕರೇ ಹೇಳುತ್ತಾರೆ. ನಿಮ್ಮ ಮೊಮ್ಮಗ ಹಣ ಉಳಿಸಲೆಂದು ಬರೆದದ್ದು ಹೆಸರಿಲ್ಲದ 500 ವಾಟಿನದು! ಕಳಪೆ ಎಸ್‌ಎಂಪಿಎಸ್ ಹಾಳಾಗುವಾಗ ಜೊತೆಯಲ್ಲಿದ್ದ ದುಬಾರಿ ಭಾಗಗಳನ್ನೂ ಕೆಡಿಸಬಹುದು. ಡಬ್ಬಿಯ ಮೇಲಿನ ‘80 ಪ್ಲಸ್ ಗೋಲ್ಡ್’ ಮುದ್ರೆ ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಆದ್ದರಿಂದ ಕಂಪೆನಿಯ ಹೆಸರನ್ನೂ ವಾರಂಟಿಯ ವರ್ಷಗಳನ್ನೂ ನೋಡಿ. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಬೇಡ.

ಅದರಲ್ಲೂ ನಮ್ಮ ಊರು ಬೇರೆ. ಬೇಸಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ ಲೋ ವೋಲ್ಟೇಜು. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಸಿಡಿಲು. ದೀಪ, ಫ್ಯಾನಿಗೆಂದು ಇಟ್ಟ ಇನ್ವರ್ಟರಿಗೆ ಇಂಥ ಕಂಪ್ಯೂಟರಿನ ಭಾರ ಹೊರಿಸಬೇಡಿ. ಸೈನ್ ವೇವ್ ಯುಪಿಎಸ್ ಒಂದು ಇರಲಿ, ಆಟ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು ಅದು ಕೊಡುತ್ತದೆ. ಕಾರ್ಡಿಗೆ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ. ಸ್ವಿಚ್ ಬಂದ್ ಮಾಡಿದರೆ, ಸ್ಪೈಕ್ ಗಾರ್ಡ್ ಇದ್ದರೆ ಸಾಕು ಎಂದು ಮಕ್ಕಳು ವಾದಿಸುತ್ತಾರೆ. ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಅದೆಲ್ಲ ಲೆಕ್ಕವಿಲ್ಲ. ಪ್ಲಗ್ಗನ್ನೇ ಕೀಳಬೇಕು, ಇಂಟರ್ನೆಟ್ಟಿನ ವಯರನ್ನೂ ಕೀಳಬೇಕು. ಅದೂ ಸಿಡಿಲು ಶುರುವಾದ ಮೇಲೆ ಅಲ್ಲ, ಮೋಡ ಕಪ್ಪಾಗುವಾಗಲೇ. ಈ ಕೆಲಸ ಅಜ್ಜನಿಗೇ ಇರಲಿ. ಆಟದಲ್ಲಿ ಮುಳುಗಿದ ಹುಡುಗನಿಗೆ ಆಕಾಶ ಎಲ್ಲಿ ಕಾಣುತ್ತದೆ?

ಇನ್ನು ಪ್ರೊಸೆಸರ್. ರೈಜನ್ 7 9800ಎಕ್ಸ್3ಡಿ ಒಳ್ಳೆಯ ಆಯ್ಕೆಯೇ. ಆದರೆ ಅದು ಕೂರುವ ಎಎಂ5 ಮದರ್‌ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ, ನೀನು ಬರೆದದ್ದು ಡಿಡಿಆರ್4. ಎರಡರ ಕಚ್ಚೇ ಬೇರೆ, ಒತ್ತಿದರೂ ಕೂರುವುದಿಲ್ಲ. ಆ ಪ್ರೊಸೆಸರಿನ ಪೆಟ್ಟಿಗೆಯಲ್ಲಿ ಕೂಲರ್ ಇರುವುದಿಲ್ಲ, ಅದನ್ನೂ ಪಟ್ಟಿಗೆ ಸೇರಿಸು. ರ‍್ಯಾಮಿನ ಬೆಲೆ ಮಾತ್ರ ಅಡಿಕೆ ಧಾರಣೆಯ ಹಾಗೆ, ಕೊಳ್ಳುವ ದಿನವೇ ವಿಚಾರಿಸಬೇಕು.

ಬೆಂಗಳೂರಿನಲ್ಲಿ ಜೋಡಿಸಿ ತರುವುದಾದರೆ ಒಂದು ಮಾತು. ದೊಡ್ಡ ಕಾರ್ಡು ಒಂದೂವರೆ ಕಿಲೋಗೂ ಹೆಚ್ಚು ತೂಗುತ್ತದೆ, ಮದರ್‌ಬೋರ್ಡಿಗೆ ನೇತುಬಿದ್ದಿರುತ್ತದೆ. ಶಿರಾಡಿ ಘಾಟಿಯ ಕುಲುಕಾಟಕ್ಕೆ ಅದು ಕೂತ ಜಾಗವೇ ಬಿರುಕು ಬಿಡಬಹುದು. ಅಂಗಡಿಯಲ್ಲೇ ಕಳಚಿಸಿ, ಅದರದೇ ಪೆಟ್ಟಿಗೆಯಲ್ಲಿ ಬೇರೆಯಾಗಿ ತನ್ನಿ. ಬಿಲ್ಲು ಅಜ್ಜನ ಕಪಾಟಿನಲ್ಲಿರಲಿ.